‘ನನಗ ಬರೂದಿಲ್ಲ’ ಅನ್ನಾಕ ನಾಚಿಕೆ ಯಾಕ?

ನಾವು ಅಕ್ಕಲಕೋಟ ತಾಲೂಕಿನ ಒಂದು ಬ್ಯಾಂಕ್ ಶಾಖೆಯ ಕೌಂಟರಿನಲ್ಲಿ ಕೂರುವ ಮಂದಿ. ಭಾಷಣ ಮಾಡಿ ರೂಢಿ ಇಲ್ಲ. ನಮ್ಮದೇ ಒಂದು ತಪ್ಪಿನ ಕಥೆ ಹೇಳ್ತೀವಿ, ಕೇಳ್ರಿ.

ಪ್ರತಿ ವರ್ಷ ನಮಗೆ ಸ್ವಯಂ ಮೌಲ್ಯಮಾಪನದ ಫಾರ್ಮ್ ಬರ್ತದ. ಅದರಲ್ಲಿ ‘ಯಾವ ತರಬೇತಿ ಬೇಕು?’ ಅಂತ ಒಂದು ಕಾಲಂ. ನಾವೆಲ್ಲ ‘ಏನೂ ಇಲ್ಲ’ ಅಂತ ಬರೆದು ಸಹಿ ಹಾಕ್ತಿದ್ದೆವು. ಅದೇ ಕಾಗದ ಪ್ರಮೋಷನ್ನಿಗೂ ಹೋಗ್ತದಲ್ಲ, ‘ಬರೂದಿಲ್ಲ’ ಅಂತ ಯಾರು ಬರೀತಾರ?

ಒಮ್ಮೆ ಹಳ್ಳಿಯ ಒಬ್ಬ ಅಜ್ಜಿ, ತೀರಿಹೋದ ಯಜಮಾನರ ಖಾತೆಯ ಹಣಕ್ಕಾಗಿ ಮೂರು ಸಲ ಬಂದರು. ನಾಮಿನಿ ಅವರೇ. ಹಾಗಿದ್ದಾಗ ಕೋರ್ಟಿನ ವಾರಸಾ ಪತ್ರ ಕೇಳಬಾರದು, ಕಾಗದ ಸರಿ ಇದ್ದರೆ 15 ದಿನದೊಳಗೆ ಹಣ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ನಾವು ಕೋರ್ಟಿನ ಕಾಗದ ತರ್ರಿ ಅಂದೆವು, ಅದೂ ಮರಾಠಿಯಲ್ಲಿ. ಅಜ್ಜಿಗೆ ಬರೋದು ಕನ್ನಡ ಮಾತ್ರ. ಆ ವರ್ಷವೂ ಫಾರ್ಮಿನಲ್ಲಿ ‘ಗ್ರಾಹಕ ಸೇವೆ: ಅತ್ಯುತ್ತಮ’ ಅಂತಲೇ ಬರೆದಿದ್ದೆವು.

ಬೇಕಂತ ಸುಳ್ಳು ಬರೆದದ್ದಲ್ಲ. ನಮಗೆ ಗೊತ್ತಿಲ್ಲ ಅನ್ನೋದೇ ಗೊತ್ತಿರಲಿಲ್ಲ. 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಗರ್ ಮತ್ತು ಡನ್ನಿಂಗ್ ಪರೀಕ್ಷೆ ಮಾಡಿ ತೋರಿಸಿದ್ದೂ ಇದನ್ನೇ: ತೀರಾ ಕಡಿಮೆ ಅಂಕ ಪಡೆದವರೇ ತಮ್ಮನ್ನು ಬಹಳ ಹೆಚ್ಚಾಗಿ ಅಂದಾಜು ಮಾಡಿಕೊಂಡಿದ್ದರು. ಅದಕ್ಕೇ ನಾವು ಕೊಟ್ಟುಕೊಂಡ ಅಂಕದ ಪಕ್ಕ ಇನ್ನೊಬ್ಬರ ಮಾತೂ ಬೇಕು.

ಆಮೇಲೆ ಬೇರೆಯೇ ಒಂದು ಹಾಳೆ ಮಾಡಿದೆವು, ಪ್ರಮೋಷನ್ ಫೈಲಿಗೆ ಹೋಗದ ಹಾಳೆ. ‘ಗ್ರಾಹಕ ಸೇವೆ’ ಅನ್ನೋ ದೊಡ್ಡ ಮಾತು ಬಿಟ್ಟು ಕೆಲಸ ಬಿಡಿಸಿ ಬರೆದೆವು: ಕೆವೈಸಿ, ಬೆಳೆ ಸಾಲದ ನವೀಕರಣ, ಕಾರ್ಡ್ ಬ್ಲಾಕ್, ನಾಮಿನಿ ಕ್ಲೇಮ್, ಕನ್ನಡದಲ್ಲಿ ತಿಳಿಸಿ ಹೇಳೋದು. ‘ಒಬ್ಬನೇ ಮಾಡ್ತೀನಿ, ಕೇಳಿ ಮಾಡ್ತೀನಿ, ಬರೂದಿಲ್ಲ’, ಈ ಮೂರರಲ್ಲಿ ಒಂದಕ್ಕೆ ಟಿಕ್. ಪಕ್ಕದ ಕೌಂಟರಿನವರೂ ನಮ್ಮ ಬಗ್ಗೆ ಟಿಕ್ ಹಾಕಿದರು. ಒಂದೇ ಕೆಲಸಕ್ಕೆ ಎರಡನೇ ಸಲ ಬಂದ ಗ್ರಾಹಕರನ್ನು ‘ಯಾಕ ಬರಬೇಕಾಯ್ತು?’ ಅಂತ ಕೇಳಿ ಬರೆದಿಟ್ಟೆವು.

ಮೂರೂ ಕೂಡಿಸಿ ನೋಡಿದಾಗ ಎರಡು ಕಡೆ ತಾಳೆ ಆಗಲಿಲ್ಲ: ನಾಮಿನಿ ಕ್ಲೇಮ್ ಮತ್ತು ಕನ್ನಡ. ಪ್ರಿಂಟರ್ ಕೆಟ್ಟು ತಡ ಆಗಿದ್ದೂ ಇತ್ತು, ಅದಕ್ಕೆ ರಿಪೇರಿ ಬೇಕು, ತರಬೇತಿ ಅಲ್ಲ. ಇವೆರಡನ್ನು ಮಾತ್ರ, ಕೌಂಟರ್ ಮುಚ್ಚಿದ ಮೇಲೆ, ಬಲ್ಲವರು ಬಾರದವರಿಗೆ ಕಲಿಸಿದರು. ಕನ್ನಡ ಕಲಿಸಿದ್ದು ನಮ್ಮ ಊರಿನವನೇ ಆದ ಜವಾನ.

ನಾಳೆ ನೀವೂ ಕೆಲಸಕ್ಕೆ ಸೇರ್ತೀರಿ. ಫಾರ್ಮಿನ ಆ ಕಾಲಂ ಖಾಲಿ ಬಿಡಬ್ಯಾಡ್ರಿ. ನಾವು ಖಾಲಿ ಬಿಟ್ಟದ್ದಕ್ಕೆ ಆ ಅಜ್ಜಿ ಮೂರು ಸಲ ಬಸ್ ಚಾರ್ಜ್ ಕೊಟ್ಟರು.