ಒಲೆಯ ಮುಂದಿನ ಗಾಳಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಭಾಗದ ಊರುಗಳನ್ನು ಆಡಳಿತ ಅತ್ತಿಂದಿತ್ತ ಎತ್ತಿಡುತ್ತಲೇ ಬಂದಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರ ಜತೆ ವಿಜಯನಗರ ಜಿಲ್ಲೆಗೆ ಬಂತು. ಗಾಳಿಯ ಲೆಕ್ಕದ ಮಾತು ಬಂದಾಗ ಮಾತ್ರ ಈ ಐದು ತಾಲ್ಲೂಕುಗಳನ್ನು ಯಾರೂ ತಮ್ಮ ಪಾಲಿಗೆ ಎಳೆದುಕೊಳ್ಳಲಿಲ್ಲ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ ಕರ್ನಾಟಕದಿಂದ ಪಟ್ಟಿಗೆ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಅದು ನಗರಗಳ ಪಟ್ಟಿ. ದಾವಣಗೆರೆಯ ಗಾಳಿಗೆ ಯೋಜನೆ ಉಂಟು, ಅನುದಾನ ಉಂಟು. ಪಕ್ಕದ ಹರಪನಹಳ್ಳಿಯ ಹಳ್ಳಿಗಳಿಗೆ ಅದು ಅನ್ವಯಿಸುವುದಿಲ್ಲ.

ನಮ್ಮಲ್ಲಿ ಗಾಳಿ ಕೆಟ್ಟಿದೆ ಎಂದರೆ ಥಟ್ಟನೆ ನೆನಪಾಗುವುದು ಗಣಿ. ಸಂಡೂರು, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಓಡಿದ ಆ ವರ್ಷಗಳಲ್ಲಿ ರಸ್ತೆಬದಿಯ ಗಿಡ, ಗೋಡೆ, ಬೆಳೆ ಎಲ್ಲವೂ ಕೆಂಪಾಗಿದ್ದವು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸಿತು. ಮರುವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಧೂಳಿನ ಬಗ್ಗೆ ಹುಟ್ಟಿದ ಸಿಟ್ಟು ನ್ಯಾಯವಾದದ್ದೇ. ಆದರೆ ಲಾರಿಗಳು ನಿಂತ ತಿಂಗಳುಗಳಲ್ಲೂ ಇಲ್ಲಿನ ಅಡುಗೆಮನೆಗಳಲ್ಲಿ ಹೊಗೆ ನಿಲ್ಲಲಿಲ್ಲ. ಅದರ ವಿರುದ್ಧ ಯಾರೂ ರಸ್ತೆಗಿಳಿಯಲಿಲ್ಲ, ಯಾರೂ ವರದಿ ಕೇಳಲಿಲ್ಲ.

ಕಣ್ಣಿಗೆ ಕಾಣುವ ಕೆಂಧೂಳಿನಲ್ಲಿ ದಪ್ಪ ಕಣಗಳೇ ಹೆಚ್ಚು. ಮೂಗು, ಗಂಟಲು ಅವುಗಳಲ್ಲಿ ಬಹುಪಾಲನ್ನು ತಡೆಯುತ್ತವೆ. ಕಟ್ಟಿಗೆಯ ಹೊಗೆಯಲ್ಲಿರುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣ. ಅದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತದೆ, ಅಲ್ಲಿಂದ ರಕ್ತಕ್ಕೂ ಸೇರಬಲ್ಲದು. ಒಂದು ಘನ ಮೀಟರ್ ಗಾಳಿಯಲ್ಲಿ ಇಂಥ ಕಣ ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 5. ಕಟ್ಟಿಗೆ ಉರಿಯುವಾಗ ಕಿಟಕಿಯಿಲ್ಲದ ಅಡುಗೆಕೋಣೆಯಲ್ಲಿ ಈ ಪ್ರಮಾಣ ನೂರುಗಳಲ್ಲಿರುತ್ತದೆ. 2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯದಿಂದ ಸತ್ತವರು ಅಂದಾಜು 16.7 ಲಕ್ಷ. ಅದರಲ್ಲಿ 6 ಲಕ್ಷಕ್ಕೂ ಹೆಚ್ಚು ಸಾವು ಮನೆಯೊಳಗಿನ ಹೊಗೆಯ ಲೆಕ್ಕಕ್ಕೆ ಸೇರುತ್ತವೆ.

ಉಜ್ವಲ ಯೋಜನೆ ಬಂದು ವರ್ಷಗಳಾದವಲ್ಲ ಎಂದು ನೀವು ಕೇಳಬಹುದು. 2016ರಿಂದ ಸಿಲಿಂಡರ್ ಮನೆ ಮನೆಗೆ ಬಂದಿರುವುದು ನಿಜ. ಚಹಾಕ್ಕೆ, ಅನ್ನಕ್ಕೆ ಗ್ಯಾಸ್ ಸಾಕು. ಆದರೆ ಎಂಟು ಜನರ ಮನೆಗೆ ಎರಡು ಹೊತ್ತು ಜೋಳದ ರೊಟ್ಟಿ ಬಡಿಯುವವಳು ಕಟ್ಟಿಗೆ ಒಲೆಯ ಮುಂದೆಯೇ ಕೂಡುತ್ತಾಳೆ. ಹಂಡೆಯ ನೀರು ಕಾಯುವುದೂ ಕಟ್ಟಿಗೆಯಲ್ಲೇ. ಬಳ್ಳಾರಿ ಜಾಲಿ ಬೇಲಿಯಲ್ಲಿ ಪುಕ್ಕಟೆ ಬೆಳೆದಿರುತ್ತದೆ, ಹತ್ತಿಕಟ್ಟಿಗೆ ಹೊಲದಲ್ಲಿ ಬಿದ್ದಿರುತ್ತದೆ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಅಂಗಳದಲ್ಲಿ ರಾಶಿ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಸಿಲಿಂಡರ್ ತುಂಬಿಸುವ ದುಡ್ಡಿಗೆ ಬೇರೆ ದಾರಿಗಳಿರುತ್ತವೆ. ಇದನ್ನು ಅಜ್ಞಾನ ಎಂದು ಕರೆಯುವ ಉಪನ್ಯಾಸಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅದು ಚೊಕ್ಕ ಮನೆವಾರ್ತೆಯ ಲೆಕ್ಕ, ಅಷ್ಟೇ. ಆ ಲೆಕ್ಕದಲ್ಲಿ ಅವಳ ಎದೆಗೂಡು ಮಾತ್ರ ಬಿಟ್ಟುಹೋಗಿದೆ.

ಮೈಸೂರು, ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಸಂಶೋಧಕರು ಹೆಣ್ಣುಮಕ್ಕಳನ್ನು ಎರಡೇ ಸಂಗತಿ ಕೇಳಿದರೂ ಹೊಗೆಯ ಅಳತೆ ಸಿಗುತ್ತದೆಂದು ತೋರಿಸಿದ್ದಾರೆ: ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಎಷ್ಟು ವರ್ಷದಿಂದ. ಎರಡನ್ನೂ ಗುಣಿಸಬೇಕು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಗುಣಲಬ್ಧ 60 ತಲುಪಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದು ಕಾಣುತ್ತದೆ. ಇಪ್ಪತ್ತಕ್ಕೆ ಮದುವೆಯಾಗಿ ಬಂದು ದಿನಕ್ಕೆ ನಾಲ್ಕು ತಾಸು ಒಲೆ ನೋಡಿಕೊಂಡವಳು ಮೂವತ್ತೈದಕ್ಕೇ ಆ ಅಂಕಿ ಮುಟ್ಟುತ್ತಾಳೆ. ಬೀಡಿ ಮುಟ್ಟದವಳಿಗೆ ದಮ್ಮು ಹೇಗೆ ಬಂತು ಎಂದು ಆಸ್ಪತ್ರೆಯಲ್ಲಿ ಇನ್ನೂ ಅಚ್ಚರಿಪಡುವವರಿದ್ದಾರೆ. ಕೆಮ್ಮಿಗೆ ಸಿರಪ್ಪು ಕೊಟ್ಟು ಕಳಿಸುವವರೂ ಇದ್ದಾರೆ.

ಒಲೆಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮೆಕ್ಕೆಜೋಳದ ಒಕ್ಕಣೆ ಯಂತ್ರದ ಹೊಟ್ಟು, ಹೊಲದಲ್ಲೇ ಸುಡುವ ಸೊಪ್ಪೆ, ಇಟ್ಟಿಗೆ ಭಟ್ಟಿ, ಮಂಡಕ್ಕಿ ಭಟ್ಟಿ, ಕಲ್ಲು ಕ್ರಷರ್ ಎಲ್ಲವೂ ಇವೆ. ಕ್ರಷರಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗಟ್ಟಿಗಟ್ಟಿಸುತ್ತದೆ, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ದುಡಿಯಲು ಬೆಂಗಳೂರಿನ ಕಟ್ಟಡಗಳಿಗೆ ಹೋಗುವ ನಮ್ಮ ಹುಡುಗರು ಸಿಮೆಂಟಿನ ಧೂಳನ್ನು ಎದೆಯಲ್ಲಿ ಹೊತ್ತು ಊರಿಗೆ ಬರುತ್ತಾರೆ. ಅದು ಯಾವ ಜಿಲ್ಲೆಯ ಮಾಲಿನ್ಯ? ಇವುಗಳಿಗೆ ಮಧ್ಯಾಹ್ನದ ಗೋಷ್ಠಿ ಇದೆ, ನಾನು ಅಡ್ಡ ಬರುವುದಿಲ್ಲ.

ನನ್ನ ಕೋರಿಕೆ ಒಂದು ಹಣದ ಬಗ್ಗೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು. ಅವುಗಳ ನಿಧಿಯ ಆದ್ಯತೆಗಳಲ್ಲಿ ಆರೋಗ್ಯವೂ ಮಾಲಿನ್ಯ ನಿಯಂತ್ರಣವೂ ಬರೆದೇ ಇವೆ. ಗಣಿ ಇಲ್ಲದ ತಾಲ್ಲೂಕು ಎಂಬ ಕಾರಣಕ್ಕೆ ನಮ್ಮವರು ಕೇಳಲು ಹಿಂಜರಿಯುತ್ತಾರೆ. ಅದಿರಿನ ಲಾರಿಗಳು ಹಾದುಹೋದ ರಸ್ತೆಗಳ ಊರುಗಳಿಗೆ ಕೇಳುವ ಹಕ್ಕಿದೆ ಎಂದು ನಾನು ನಂಬಿದ್ದೇನೆ. ಕೇಳಬೇಕಾದದ್ದು ಇಷ್ಟು: ಪ್ರತಿ ತಾಲ್ಲೂಕು ಕೇಂದ್ರಕ್ಕೊಂದು ಗಾಳಿ ಮಾಪನ ಯಂತ್ರ, ಪ್ರತಿ ತಾಲ್ಲೂಕು ಆಸ್ಪತ್ರೆಗೊಂದು ಉಸಿರಿನ ಬಲ ಅಳೆಯುವ ಸ್ಪೈರೋಮೀಟರ್, ಅದನ್ನು ನಡೆಸಬಲ್ಲ ಒಬ್ಬ ನರ್ಸ್, ತಪ್ಪದೆ ಸಿಗುವ ಇನ್‌ಹೇಲರ್. ಅದಕ್ಕೂ ಮೊದಲು ಆಶಾ ಕಾರ್ಯಕರ್ತೆಯರ ನಮೂನೆಯಲ್ಲಿ ಒಲೆಯ ಮುಂದಿನ ತಾಸು, ವರ್ಷ ಕೇಳುವ ಆ ಎರಡು ಪ್ರಶ್ನೆಗಳಿಗೆ ಜಾಗ ಸಿಗಬೇಕು. ಇಂದು ಸಂಜೆ ನಿರ್ಣಯ ಬರೆಯಲು ಕೂರುವವರು ಯಂತ್ರದ ಬೇಡಿಕೆಯನ್ನು ಎರಡನೆಯದಾಗಿಟ್ಟು, ಪ್ರಶ್ನೆಗಳನ್ನು ಮೊದಲು ಬರೆಯಲಿ. ಯಂತ್ರಕ್ಕೆ ಟೆಂಡರ್ ಆಗಬೇಕು. ಪ್ರಶ್ನೆ ಕೇಳಲು ನಾಳೆ ಬೆಳಿಗ್ಗೆಯೇ ಹೊರಡಬಹುದು.