ಮಹಮ್ಮದ ತುಘಲಕನ ತಾಮ್ರದ ಟಂಕ

ನಾಣ್ಯದ ಬೆಲೆಯು ಅದರ ಲೋಹದಲ್ಲಿರುವುದೋ, ಅದನ್ನು ಅಚ್ಚುಹಾಕಿಸಿದ ಅರಸನ ಮಾತಿನಲ್ಲಿರುವುದೋ? ದೆಹಲಿಯ ಸುಲ್ತಾನನಾಗಿದ್ದ ಮಹಮ್ಮದ ಬಿನ್ ತುಘಲಕನು (1325-1351) ಇದಕ್ಕೆ ಕೊಟ್ಟ ಉತ್ತರವು ತಾಮ್ರದ ಮೇಲೆಯೇ ಉಳಿದುಬಂದಿದೆ.

ಅವನಿಗಿಂತ ಮೊದಲು ತಾಮ್ರವು ಚಿಲ್ಲರೆ ವ್ಯವಹಾರಕ್ಕೆ ಮಾತ್ರ ಸಲ್ಲುತ್ತಿದ್ದಿತು. ದಂಡಯಾತ್ರೆಯ ಹಂಬಲದಿಂದಲೂ ಮಿತಿಯಿಲ್ಲದ ದಾನದಿಂದಲೂ ಬೊಕ್ಕಸವು ಬರಿದಾಯಿತೆಂದು ಸಮಕಾಲೀನ ಇತಿಹಾಸಕಾರನಾದ ಬರನಿಯು ಹೇಳುತ್ತಾನೆ. ಬೆಳ್ಳಿಯೂ ಆಗ ದುರ್ಲಭವಾಗಿದ್ದಿತು. ಹೀಗಿರಲು ಹಿಜರಿ 730ರಲ್ಲಿ, ಎಂದರೆ ಕ್ರಿ.ಶ. 1329-30ರಲ್ಲಿ, ಸುಲ್ತಾನನು ತಾಮ್ರ ಹಿತ್ತಾಳೆಗಳ ಟಂಕವನ್ನು ಹೊರಡಿಸಿ, ಬೆಳ್ಳಿಯ ಟಂಕದ ಬೆಲೆಗೇ ಅದನ್ನು ಸ್ವೀಕರಿಸತಕ್ಕದ್ದೆಂದು ಆಜ್ಞಾಪಿಸಿದನು. ಚೀನಾ ದೇಶದಲ್ಲಿ ಕಾಗದದ ಹಣವು ನಡೆಯುತ್ತಿದ್ದುದುಂಟು. ಇರಾನದ ತಬ್ರೀಜಿನಲ್ಲಿ 1294ರಲ್ಲಿ ಅದೇ ಪ್ರಯೋಗವು ಕೆಟ್ಟುಹೋಗಿದ್ದುದೂ ಉಂಟು.

ಆ ನಾಣ್ಯವನ್ನು ಓದಿದರೆ ಸುಲ್ತಾನನ ಅಳುಕು ಕಾಣುತ್ತದೆ. ಭರವಸೆಯುಳ್ಳ ದಾಸನಾದ ಮಹಮ್ಮದ ತುಘಲಕನ ಕಾಲದಲ್ಲಿ ಇದು ಚಲಾವಣೆಯ ಟಂಕವೆಂದು ಮುದ್ರಿತವಾಯಿತು ಎಂದು ಒಂದು ಮುಖದಲ್ಲಿ ಪಾರಸಿಯಲ್ಲಿದೆ. ಸುಲ್ತಾನನ ಮಾತನ್ನು ನಡೆಸಿದವನು ದೇವರ ಮಾತನ್ನು ನಡೆಸಿದಂತೆ ಎಂಬರ್ಥದ ಅರಬ್ಬಿ ವಾಕ್ಯವು ಮತ್ತೊಂದು ಮುಖದಲ್ಲಿದೆ. ಬೆಳ್ಳಿಯ ನಾಣ್ಯಕ್ಕೆ ಇಂತಹ ಉಪದೇಶವು ಬೇಕಾಗಿರಲಿಲ್ಲ! ದೆಹಲಿಯಲ್ಲಿ ಮಾತ್ರವಲ್ಲ, ದಕ್ಷಿಣದ ದೌಲತಾಬಾದಿನ ಟಂಕಶಾಲೆಯಲ್ಲಿಯೂ ಇವು ಅಚ್ಚಾದುವು.

ತಪ್ಪಿದ್ದುದು ಒಂದೇ ಎಡೆಯಲ್ಲಿ. ಸರಕಾರದ ಕೆಲಸಕ್ಕೂ ಊರ ಕಂಚುಗಾರನ ಕೆಲಸಕ್ಕೂ ಭೇದವನ್ನು ತೋರಿಸುವ ಗುರುತು ಆ ನಾಣ್ಯದಲ್ಲಿರಲಿಲ್ಲ. ಖೋಟಾ ನಾಣ್ಯವು ಹೊಳೆಯಂತೆ ಹರಿಯಿತು. ಹಿಂದೂಗಳ ಮನೆಮನೆಯೂ ಟಂಕಶಾಲೆಯಾಯಿತೆಂದು ಬರನಿಯು ದೂರುತ್ತಾನೆ. ಈ ಮಾತನ್ನು ಅವನ ಪಕ್ಷಪಾತಕ್ಕೆ ಸೇರಿಸಿಯೇ ಓದಬೇಕು, ಲಾಭದಾಸೆಗೆ ಜಾತಿಯುಂಟೇ? ಹಳ್ಳಿಯ ಮುಖಂಡರು ಕಂದಾಯವನ್ನು ತಾಮ್ರದಲ್ಲಿ ತೆತ್ತು, ತಾಮ್ರದಿಂದಲೇ ಕುದುರೆಗಳನ್ನೂ ಆಯುಧಗಳನ್ನೂ ಕೊಂಡರು. ಬೆಳ್ಳಿಬಂಗಾರಗಳು ಪೆಟ್ಟಿಗೆಗಳನ್ನು ಸೇರಿದುವು. ದೂರದ ನಾಡುಗಳಲ್ಲಿ ಆ ಟಂಕವು ಬರಿಯ ತಾಮ್ರದ ಬೆಲೆಗೆ ಇಳಿಯಿತು.

ಹಿಜರಿ 732ರ ಬಳಿಕ ಇಂತಹ ನಾಣ್ಯವು ದೊರೆಯುವುದಿಲ್ಲ. ಆದರೆ ಸುಲ್ತಾನನು ಮಾತಿಗೆ ತಪ್ಪಲಿಲ್ಲ; ಕ್ರೂರಿಯೆಂದು ಹೆಸರಾದವನ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕು. ತಾಮ್ರವನ್ನು ತಂದವರಿಗೆ ಬೊಕ್ಕಸದಿಂದ ಬೆಳ್ಳಿಬಂಗಾರಗಳ ನಾಣ್ಯವನ್ನು ಕೊಡಬೇಕೆಂದು ಕಟ್ಟಳೆಮಾಡಿದನು. ಮನೆಯ ಮೂಲೆಗೆ ಎಸೆದಿದ್ದುದನ್ನೆಲ್ಲ ಜನರು ಹೊತ್ತುತಂದರು. ಖೋಟಾ ನಾಣ್ಯದ ನಷ್ಟವೂ ಬೊಕ್ಕಸದ ಮೇಲೆಯೇ ಬಿದ್ದಿತು. ತುಘಲಕಾಬಾದಿನಲ್ಲಿ ಆ ತಾಮ್ರದ ರಾಶಿಗಳು ಬೆಟ್ಟಗಳಂತೆ ಬಿದ್ದಿದ್ದುವೆಂದು ಬರನಿಯು ಬರೆದಿದ್ದಾನೆ.