ಸುತ್ತಲೂ ಕಡಲು, ಚುಕ್ಕಾಣಿ ಯಾರದು?



ಭೂಪಟದಲ್ಲಿ ಯುರೋಪಿನ ಪಶ್ಚಿಮದ ತುದಿಗೆ ಬಂದರೆ ಐರ್ಲೆಂಡ್ ಸಿಗುತ್ತದೆ. ಅದರಾಚೆ ಅಮೆರಿಕ ಸಿಗುವವರೆಗೂ ಅಟ್ಲಾಂಟಿಕ್ ಸಾಗರವೇ. ನಾಲ್ಕು ದಿಕ್ಕಿಗೂ ನೀರಿರುವ ಇಂಥ ನಾಡಿನ ಜನ ಹುಟ್ಟಾ ನಾವಿಕರು, ಮೀನಿನ ಊಟಕ್ಕೆ ಅವರಿಗೆ ಯಾವ ಕಾಲದಲ್ಲೂ ಕೊರತೆ ಬಂದಿರಲಾರದು ಎಂದು ಯಾರಾದರೂ ಅಂದುಕೊಳ್ಳಬಹುದು. ಆದರೆ ಇದೇ ದ್ವೀಪದಲ್ಲಿ 1840ರ ದಶಕದಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಕಡಲ ದಂಡೆಯಲ್ಲೇ ಬದುಕಿದ್ದವರೂ ಸತ್ತರು. ಹೀಗೇಕಾಯಿತು? ಐರ್ಲೆಂಡಿನ ಕಡಲ ಚರಿತ್ರೆಯನ್ನು ಈ ಪ್ರಶ್ನೆಯ ಬೆನ್ನುಹತ್ತಿ ನೋಡೋಣ.

ಮೊದಲು ದೋಣಿಯಿಂದಲೇ ಆರಂಭಿಸೋಣ. ಅಲ್ಲಿನ ಪಶ್ಚಿಮ ಕರಾವಳಿಯ ದೋಣಿಗೆ ಕರಖ್ ಎಂದು ಹೆಸರು. ತೆಳ್ಳನೆಯ ಮರದ ಪಟ್ಟಿಗಳ ಹಂದರ ಕಟ್ಟಿ, ಮೇಲೆ ಎತ್ತಿನ ಚರ್ಮ ಹೊದಿಸುತ್ತಿದ್ದರು. ತುಂಗಭದ್ರೆಯಲ್ಲಿ ಹರಿಗೋಲು ಕಂಡವರಿಗೆ ಈ ವಿದ್ಯೆ ಹೊಸದೇನಲ್ಲ. ಹರಿಗೋಲು ದುಂಡಗೆ, ಹೊಳೆಗೆ ತಕ್ಕಂತೆ ಇರುತ್ತದೆ. ಕರಖ್ ಉದ್ದಕ್ಕೆ, ಮೂತಿ ಮೇಲೆತ್ತಿ, ಸಾಗರದ ಅಲೆಗೆ ತಕ್ಕಂತೆ ಇರುತ್ತದೆ. ಕಾಲ ಕಳೆದಂತೆ ಚರ್ಮದ ಜಾಗಕ್ಕೆ ಡಾಂಬರು ಬಳಿದ ಕ್ಯಾನ್ವಾಸ್ ಬಂತು. ದೋಣಿ ಎಷ್ಟು ಹಗುರವೆಂದರೆ, ದಡಕ್ಕೆ ಬಂದ ಮೇಲೆ ಮೂರು ನಾಲ್ಕು ಜನ ಅದನ್ನು ಮಗುಚಿ ತಲೆಯ ಮೇಲೆ ಹೊತ್ತು ನಡೆದುಬಿಡುತ್ತಾರೆ. ದೂರದಿಂದ ನೋಡಿದವರಿಗೆ ಕಾಣುವುದು ಒಂದು ಕಪ್ಪು ದೋಣಿ ಮತ್ತು ಅದರಡಿಯ ಕಾಲುಗಳು, ಅಷ್ಟೇ.

ಇಂಥ ಚರ್ಮದ ದೋಣಿಗಳಲ್ಲೇ ಐರಿಶ್ ಸಂನ್ಯಾಸಿಗಳು ಏಕಾಂತ ಹುಡುಕಿಕೊಂಡು ಉತ್ತರದ ದ್ವೀಪಗಳಿಗೆ ಹೋದರು. ಕೆರಿ ಪ್ರಾಂತ್ಯದ ದಡದಿಂದ ಸುಮಾರು ಹನ್ನೆರಡು ಕಿಲೋಮೀಟರ್ ಆಚೆ, ಕಡಲ ನಡುವೆ ನೆಟ್ಟಗೆ ಎದ್ದು ನಿಂತ ಸ್ಕೆಲ್ಲಿಗ್ ಮೈಕೆಲ್ ಎಂಬ ಬಂಡೆಯ ಮೇಲೆ ಅವರು ಕಲ್ಲಿನ ಗೂಡುಗಳನ್ನು ಕಟ್ಟಿಕೊಂಡು ಶತಮಾನಗಳ ಕಾಲ ಬಾಳಿದರು. ಗಾರೆಯಿಲ್ಲದೆ ಪೇರಿಸಿದ ಆ ಗೂಡುಗಳು ಇಂದಿಗೂ ನಿಂತಿವೆ. ಡಿಕುಯಿಲ್ ಎಂಬ ಐರಿಶ್ ಸಂನ್ಯಾಸಿ 825ರಲ್ಲಿ ಬರೆದ ಭೂಗೋಳದ ಗ್ರಂಥದಲ್ಲಿ, ಬೇಸಿಗೆಯ ನಡುರಾತ್ರಿಯೂ ಕತ್ತಲಾಗದ ಉತ್ತರದ ನಾಡೊಂದಕ್ಕೆ ಹೋಗಿ ಬಂದವರ ಮಾತು ಬರುತ್ತದೆ. ಅದು ಐಸ್‌ಲೆಂಡ್ ಎಂಬುದು ವಿದ್ವಾಂಸರ ಊಹೆ.

ಆರನೆಯ ಶತಮಾನದ ಸಂತ ಬ್ರೆಂಡನ್ ಪಶ್ಚಿಮದ ಪುಣ್ಯಭೂಮಿಗೆ ಹೋಗಿ ಬಂದ ಎನ್ನುವ ಲ್ಯಾಟಿನ್ ಕಥೆ ಮಧ್ಯಯುಗದ ಯುರೋಪಿನಲ್ಲೆಲ್ಲ ಹರಡಿತ್ತು. ಅದು ಅಮೆರಿಕವೇ ಇರಬಹುದೇ? ಟಿಮ್ ಸೆವೆರಿನ್ ಎಂಬ ಸಾಹಸಿ ಇದನ್ನು ಒರೆಗೆ ಹಚ್ಚಿಯೇ ನೋಡಿದರು. ಓಕ್ ಮರದ ತೊಗಟೆಯಲ್ಲಿ ಹದ ಮಾಡಿದ 49 ಎತ್ತಿನ ಚರ್ಮಗಳನ್ನು ಹೊಲಿದು, ಉಣ್ಣೆಯ ಜಿಡ್ಡು ಬಳಿದು ದೋಣಿ ಮಾಡಿದರು. 1976ರಲ್ಲಿ ಕೆರಿಯಿಂದ ಹೊರಟು, ಚಳಿಗಾಲಕ್ಕೆ ಐಸ್‌ಲೆಂಡಿನಲ್ಲಿ ನಿಂತು, 1977ರ ಜೂನಿನಲ್ಲಿ ನ್ಯೂಫೌಂಡ್‌ಲೆಂಡ್ ದಡ ಮುಟ್ಟಿದರು. ಬ್ರೆಂಡನ್ ಹೋಗಿದ್ದ ಎನ್ನುವುದಕ್ಕೆ ಇದು ಸಾಕ್ಷಿಯಾಗದು. ಆ ದೋಣಿಯಲ್ಲಿ ಹೋಗಲು ಸಾಧ್ಯವಿತ್ತು ಎನ್ನುವುದಕ್ಕಂತೂ ಸಾಕ್ಷಿ.

ಸಂನ್ಯಾಸಿಗಳು ಹೋದ ದಾರಿಯಲ್ಲೇ 795ರಲ್ಲಿ ಉತ್ತರದ ಕಡಲುಗಳ್ಳರಾದ ವೈಕಿಂಗರು ಬಂದರು. ಮೊದಲು ಮಠಗಳನ್ನು ದೋಚಿದರು, ಆಮೇಲೆ ಬೇರು ಬಿಟ್ಟರು. 841ರಲ್ಲಿ ಡಬ್ಲಿನ್‌ನಲ್ಲಿ ಹಡಗುಗಳಿಗೆ ಕೋಟೆಕಟ್ಟು ನೆಲೆ ಮಾಡಿಕೊಂಡರು. ಡಬ್ಲಿನ್, ವಾಟರ್‌ಫರ್ಡ್, ವೆಕ್ಸ್‌ಫರ್ಡ್, ಲಿಮೆರಿಕ್ ಪಟ್ಟಣಗಳಾಗಿ ಬೆಳೆದದ್ದು ಹೀಗೆ. ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ 1962ರಲ್ಲಿ ನೀರಿನಡಿಯಿಂದ ಎತ್ತಿದ ಸುಮಾರು ಮೂವತ್ತು ಮೀಟರ್ ಉದ್ದದ ಯುದ್ಧನೌಕೆಯೊಂದರ ಮರವನ್ನು ಪರೀಕ್ಷಿಸಿದಾಗ, ಅದು 1042ರ ಹೊತ್ತಿಗೆ ಡಬ್ಲಿನ್ ಸೀಮೆಯ ಓಕ್ ಮರದಿಂದ ಕಟ್ಟಿದ್ದೆಂದು ತಿಳಿಯಿತು. ಅಂದರೆ ಹಡಗು ಕಟ್ಟುವ ಮರವೂ ಕಸುಬೂ ಆ ನೆಲದಲ್ಲೇ ಇದ್ದವು.

ಹದಿನಾರನೆಯ ಶತಮಾನಕ್ಕೆ ಬಂದರೆ ಪಶ್ಚಿಮದ ಕ್ಲ್ಯೂ ಕೊಲ್ಲಿಯಲ್ಲಿ ಒಬ್ಬ ಹೆಣ್ಣುಮಗಳು ಹಡಗುಗಳ ಒಡತಿಯಾಗಿದ್ದಳು. ಗ್ರೇಸ್ ಓಮ್ಯಾಲಿ ಅವಳ ಹೆಸರು. ವ್ಯಾಪಾರ ಮಾಡಿದಳು, ತನ್ನ ನೀರಿಗೆ ಬಂದವರಿಂದ ಸುಂಕ ಎತ್ತಿದಳು, ಕೊಡದವರನ್ನು ದೋಚಿದಳು. ಇಂಗ್ಲಿಷ್ ಅಧಿಕಾರಿಗಳು ಅವಳನ್ನು ಕಡಲುಗಳ್ಳಿ ಎಂದರು. ಅವಳ ಮಗನನ್ನೂ ಸೋದರನನ್ನೂ ಸೆರೆ ಹಿಡಿದಾಗ, 1593ರಲ್ಲಿ ಲಂಡನ್ನಿಗೇ ಹೋಗಿ ಎಲಿಜಬೆತ್ ರಾಣಿಯನ್ನು ಗ್ರೀನಿಚ್‌ನಲ್ಲಿ ಕಂಡು ಬಿಡುಗಡೆಯ ಮಾತಾಡಿದಳು. ಆ ಭೇಟಿಗಿಂತ ಐದು ವರ್ಷ ಮೊದಲು, 1588ರಲ್ಲಿ, ಸ್ಪೇನಿನ ಮಹಾನೌಕಾಪಡೆ ಸೋತು ಮನೆಗೆ ಮರಳುವಾಗ ಬಿರುಗಾಳಿಗೆ ಸಿಕ್ಕಿ ಅದರ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಇದೇ ದಂಡೆಯಲ್ಲಿ ಒಡೆದಿದ್ದವು. ಸ್ಲೈಗೋದ ಸ್ಟ್ರೀಡಾ ಮರಳ ದಂಡೆಯೊಂದರಲ್ಲೇ ಮೂರು ಹಡಗುಗಳು ನುಚ್ಚುನೂರಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು.

ಗ್ರೇಸ್ ಕಾಲವಾದ 1603ರ ಹೊತ್ತಿಗೆ ಐರ್ಲೆಂಡ್ ಪೂರ್ತಿಯಾಗಿ ಇಂಗ್ಲೆಂಡಿನ ಹಿಡಿತಕ್ಕೆ ಬಂದಿತ್ತು. ನೆಲದ ಜೊತೆಗೆ ನೀರೂ ಹೋಯಿತು. 1671ರ ನೌಕಾಯಾನ ಕಾಯಿದೆ ವಸಾಹತುಗಳ ಸರಕನ್ನು ಐರ್ಲೆಂಡ್ ನೇರವಾಗಿ ತರಿಸಿಕೊಳ್ಳದಂತೆ ತಡೆಯಿತು. ಸಕ್ಕರೆಯಾಗಲಿ ತಂಬಾಕಾಗಲಿ, ಮೊದಲು ಇಂಗ್ಲೆಂಡಿನ ಬಂದರಿನಲ್ಲಿ ಇಳಿದು ಆಮೇಲೆ ಬರಬೇಕು. ಕಾರ್ಕ್ ಪಟ್ಟಣ ಉಪ್ಪು ಹಾಕಿದ ದನದ ಮಾಂಸ ಮತ್ತು ಬೆಣ್ಣೆಯನ್ನು ಬ್ರಿಟಿಷ್ ನೌಕಾಪಡೆಗೂ ಕೆರಿಬಿಯನ್ ತೋಟಗಳಿಗೂ ತುಂಬಿಸಿ ಕಳಿಸಿ ಸಿರಿವಂತವಾಯಿತು, ನಿಜ. ಆದರೆ ಪಶ್ಚಿಮದ ದಂಡೆಯ ಬಡವನಿಗೆ ಉಳಿದದ್ದು ತುಂಡು ಹೊಲ ಮತ್ತು ಆಲೂಗಡ್ಡೆ.

ಆ ದಂಡೆಯ ಬದುಕನ್ನು ಸ್ವಲ್ಪ ನಿಂತು ನೋಡಬೇಕು. ಆರನ್ ದ್ವೀಪಗಳಲ್ಲಿ ಮಣ್ಣೇ ಇಲ್ಲ, ಬರೀ ಸುಣ್ಣಕಲ್ಲಿನ ಹಾಸು. ಬಿರುಕುಗಳಿಗೆ ಚೂರುಕಲ್ಲು ತುಂಬಿ, ಮೇಲೆ ಮರಳು, ಅದರ ಮೇಲೆ ಕಡಲಪಾಚಿ ಹೊತ್ತು ತಂದು ಹಾಸಿ ಅವರು ಹೊಲವನ್ನೇ ತಯಾರಿಸಿದರು. ಕಡಲಪಾಚಿಯನ್ನು ಸುಟ್ಟು ಬೂದಿ ಮಾಡಿ ಅಯೋಡಿನ್ ತಯಾರಕರಿಗೆ ಮಾರಿದರು. ಕ್ಯಾರಗೀನ್ ಎಂಬ ಪಾಚಿಯನ್ನು ಹಾಲಿನಲ್ಲಿ ಕುದಿಸಿ ಗಟ್ಟಿಯಾಗಿಸಿ ತಿಂದರು. ಒಲೆ ಉರಿಸಲು ದ್ವೀಪದಲ್ಲಿ ಕಟ್ಟಿಗೆಯೂ ಇಲ್ಲ. ಕಾನಮಾರದ ಜೌಗು ನೆಲದಿಂದ ಅಗೆದು ಒಣಗಿಸಿದ ಪೀಟ್ ಹೆಂಟೆಗಳನ್ನು ಕೆಂಗಂದು ಹಾಯಿಯ ಗಾಲ್ವೇ ದೋಣಿಗಳು ಹೊತ್ತು ತರುತ್ತಿದ್ದವು.

ಈಗ ಮೊದಲ ಪ್ರಶ್ನೆಗೆ ಬರೋಣ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ತಗುಲಿತು. ಕಡಲಲ್ಲಿ ಮೀನಿತ್ತು. ಆದರೆ ಮೀನಿನ ಹಿಂಡು ಆಳ ನೀರಿನಲ್ಲಿ ಇರುವಾಗ ಬಿರುಗಾಳಿಯ ಅಟ್ಲಾಂಟಿಕ್‌ನಲ್ಲಿ ಕರಖ್ ಅಷ್ಟು ದೂರ ಹೋಗಲಾರದು. ದೊಡ್ಡ ದೋಣಿ ಕೊಳ್ಳಲು ಹಣವಿಲ್ಲ, ನಿಲ್ಲಿಸಲು ಕಟ್ಟೆಯಿಲ್ಲ, ಹಿಡಿದ ಮೀನಿಗೆ ಉಪ್ಪಿಲ್ಲ, ಪೇಟೆಗೆ ಸಾಗಿಸಲು ರಸ್ತೆಯಿಲ್ಲ. ಗಾಲ್ವೇ ಊರಿಗೆ ಅಂಟಿಕೊಂಡ ಕ್ಲಾಡಾ ಕೇರಿಯ ಬೆಸ್ತರು ಅನ್ನಕ್ಕಾಗಿ ತಮ್ಮ ಬಲೆ, ಹಗ್ಗಗಳನ್ನೇ ಒತ್ತೆ ಇಟ್ಟರು. ಬಲೆ ಒತ್ತೆ ಹೋದ ಮೇಲೆ ಕಡಲು ಬರೀ ಉಪ್ಪುನೀರು. ಬ್ರಿಟಿಷ್ ಸರಕಾರ ಹಿಂದುಳಿದ ಪಶ್ಚಿಮ ಜಿಲ್ಲೆಗಳಿಗೆಂದು ಮಂಡಳಿಯೊಂದನ್ನು ಮಾಡಿ, ಧಕ್ಕೆ ಕಟ್ಟಿಸಿ, ದೋಣಿಗಳಿಗೆ ಸಾಲ ಕೊಟ್ಟದ್ದು 1891ರ ನಂತರ. ಹತ್ತು ಲಕ್ಷ ಜನ ಸತ್ತು ನಾಲ್ಕು ದಶಕ ಕಳೆದಿತ್ತು.

ಬದುಕುಳಿದವರಿಗೆ ಕಡಲು ಊರು ಬಿಡುವ ದಾರಿಯಾಯಿತು. ಜನರನ್ನು ಕುರಿಗಳಂತೆ ತುಂಬಿದ ಹಡಗುಗಳಲ್ಲಿ ಜ್ವರ ಹಬ್ಬಿ ಸಾವಿರಾರು ಜನ ದಾರಿಯಲ್ಲೇ ತೀರಿಕೊಂಡರು. ಆ ಹಡಗುಗಳಿಗೆ ಶವಪೆಟ್ಟಿಗೆಗಳೆಂದೇ ಹೆಸರು ಬಿತ್ತು. ಇದರ ನಡುವೆ ಜೀನಿ ಜಾನ್‌ಸ್ಟನ್ ಎಂಬ ಹಡಗು ಹಲವು ಬಾರಿ ಅಮೆರಿಕ ಖಂಡಕ್ಕೆ ಹೋದರೂ ಅದರಲ್ಲಿ ಒಬ್ಬರೂ ಸಾಯಲಿಲ್ಲ. ವೈದ್ಯರನ್ನು ಜೊತೆಗಿಟ್ಟುಕೊಂಡು, ತಳದ ಅಂತಸ್ತಿನ ಜನರನ್ನು ದಿನವೂ ಗಾಳಿಗೆ ಕರೆತಂದದ್ದೇ ಅದರ ಗುಟ್ಟು. ಅಂದರೆ ಉಳಿದ ಸಾವುಗಳೂ ತಪ್ಪಿಸಬಹುದಾದವೇ. ಕಾರ್ಕ್ ಸೀಮೆಯ ಕೋವ್ ಬಂದರೊಂದರಿಂದಲೇ 1848ರಿಂದ 1950ರ ನಡುವೆ ಸುಮಾರು ಇಪ್ಪತ್ತೈದು ಲಕ್ಷ ಜನ ವಲಸೆ ಹೋದರು. 1912ರ ಏಪ್ರಿಲ್ 11ರಂದು ಟೈಟಾನಿಕ್ ಕೊನೆಯದಾಗಿ ನಿಂತದ್ದೂ ಅಲ್ಲೇ.

ಐರಿಶ್ ಜನರಲ್ಲಿ ಬುದ್ಧಿಗೆ ಕೊರತೆ ಇತ್ತೆಂದಲ್ಲ. ಗಾಳಿಯ ಬಿರುಸನ್ನು ಅಳೆಯುವ ಮಾಪಕ ರೂಪಿಸಿದ ಫ್ರಾನ್ಸಿಸ್ ಬೋಫರ್ಟ್ ಐರ್ಲೆಂಡಿನವನು. ಅಮೆರಿಕದ ನೌಕಾಪಡೆ 1900ರಲ್ಲಿ ಸೇರಿಸಿಕೊಂಡ ಮೊದಲ ಆಧುನಿಕ ಜಲಾಂತರ್ನೌಕೆ ಕ್ಲೇರ್ ಪ್ರಾಂತ್ಯದ ಜಾನ್ ಹಾಲೆಂಡ್ ರೂಪಿಸಿದ್ದು. ವಿಕ್ಲೋ ಊರಿನ ಕ್ಯಾಪ್ಟನ್ ರಾಬರ್ಟ್ ಹ್ಯಾಲ್ಪಿನ್ 1870ರಲ್ಲಿ ಗ್ರೇಟ್ ಈಸ್ಟರ್ನ್ ಹಡಗಿನಿಂದ ಮುಂಬಯಿ ಮತ್ತು ಏಡನ್ ನಡುವೆ ಟೆಲಿಗ್ರಾಫ್ ಕೇಬಲ್ ಹಾಸಿದ. ಇವರೆಲ್ಲ ದುಡಿದದ್ದು ಬೇರೆಯವರ ಬಾವುಟದ ಅಡಿಯಲ್ಲಿ.

ಸ್ವಾತಂತ್ರ್ಯ ಬಂದ ಮೇಲೂ ಕಡಲ ಕಡೆ ಮುಖ ತಿರುಗಿಸಲು ಹೊಸ ಸರಕಾರ ತಡಮಾಡಿತು. 1927ರ ಅಕ್ಟೋಬರ್ 28ರ ರಾತ್ರಿ ದಿಢೀರನೆ ಎದ್ದ ಬಿರುಗಾಳಿಗೆ ಪಶ್ಚಿಮ ದಂಡೆಯಲ್ಲಿ 45 ಬೆಸ್ತರು ಸತ್ತರು. ಕ್ಲೆಗನ್ ಕೊಲ್ಲಿಯ ಹಳ್ಳಿಗಳು ಆ ಪೆಟ್ಟಿನಿಂದ ಚೇತರಿಸಿಕೊಳ್ಳಲೇ ಇಲ್ಲ. ತೊಮಾಸ್ ಓ ಕ್ರಿಹನ್, ಪೆಗ್ ಸೇಯರ್ಸ್ ಅಂಥ ಕಥನಕಾರರನ್ನು ಐರಿಶ್ ಭಾಷೆಗೆ ಕೊಟ್ಟ ಬ್ಲಾಸ್ಕೆಟ್ ದ್ವೀಪವನ್ನು 1953ರಲ್ಲಿ ಖಾಲಿ ಮಾಡಿಸಬೇಕಾಯಿತು. ದುಡಿಯುವ ವಯಸ್ಸಿನವರು ಅದಾಗಲೇ ಊರು ಬಿಟ್ಟಿದ್ದರು.

ದೇಶಕ್ಕೆ ಬುದ್ಧಿ ಕಲಿಸಿದ್ದು ಎರಡನೆಯ ಮಹಾಯುದ್ಧ. ಐರ್ಲೆಂಡ್ ತಟಸ್ಥವಾಗಿತ್ತು, ಆದರೆ ಅದರ ಗೋಧಿ, ಕಲ್ಲಿದ್ದಲು ಬರುತ್ತಿದ್ದುದು ಬಹುಪಾಲು ಬ್ರಿಟನ್ನಿನ ಹಡಗುಗಳಲ್ಲಿ. ಅವು ನಿಂತಾಗ, 1941ರಲ್ಲಿ, ಸರಕಾರ ಐರಿಶ್ ಶಿಪ್ಪಿಂಗ್ ಕಂಪನಿ ಆರಂಭಿಸಿ ಸಿಕ್ಕಿದ ಹಳೆಯ ಹಡಗುಗಳನ್ನೇ ಹೊಂದಿಸಿಕೊಂಡಿತು. ಪಕ್ಕಗಳ ಮೇಲೆ ದೊಡ್ಡಕ್ಷರದಲ್ಲಿ ದೇಶದ ಹೆಸರು ಬರೆದು, ರಾತ್ರಿ ದೀಪ ಹಚ್ಚಿಕೊಂಡು ಆ ಹಡಗುಗಳು ಓಡಾಡಿದವು. ಆದರೂ 1942ರಲ್ಲಿ ಐರಿಶ್ ಪೈನ್ ಹಡಗು 33 ನಾವಿಕರೊಂದಿಗೆ ಮುಳುಗಿತು. ಕೆರ್ಲೋಗ್ ಎಂಬ ಪುಟ್ಟ ಹಡಗಿನ ಮೇಲೆ 1943ರ ಅಕ್ಟೋಬರಿನಲ್ಲಿ ಬ್ರಿಟನ್ ಕಡೆಯ ವಿಮಾನಗಳು ಗುಂಡಿನ ಮಳೆಗರೆದವು. ಅದೇ ಹಡಗು ಡಿಸೆಂಬರಿನಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಮುಳುಗುತ್ತಿದ್ದ 168 ಜರ್ಮನ್ ನಾವಿಕರನ್ನು ಎತ್ತಿ ಕೋವ್ ಬಂದರಿಗೆ ತಂದಿತು. ನೀರಿಗೆ ಬಿದ್ದವನು ಯಾವ ಪಕ್ಷದವನೆಂದು ಕ್ಯಾಪ್ಟನ್ ಕೇಳಲಿಲ್ಲ.

ಈ ಗುಣ ನಮ್ಮವರಿಗೂ ಮುಟ್ಟಿದೆ. 1985ರ ಜೂನ್ 23ರಂದು ಮಾಂಟ್ರಿಯಲ್‌ನಿಂದ ಲಂಡನ್ ಮೂಲಕ ಭಾರತಕ್ಕೆ ಬರುತ್ತಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬಿಗೆ ಸಿಡಿದು ಐರ್ಲೆಂಡಿನ ನೈಋತ್ಯದ ಕಡಲಿಗೆ ಬಿತ್ತು. ಅದರಲ್ಲಿದ್ದ 329 ಜನರೂ ಸತ್ತರು. ಸರಕು ಹಡಗುಗಳು, ಐರಿಶ್ ನೌಕಾಪಡೆ, ವ್ಯಾಲೆನ್ಷಿಯಾದ ಜೀವರಕ್ಷಕ ದೋಣಿ ಎಲ್ಲವೂ ಹುಡುಕಾಟಕ್ಕೆ ಇಳಿದವು. ಕಾರ್ಕ್ ಜನ ಕಂಗೆಟ್ಟು ಬಂದ ಬಂಧುಗಳನ್ನು ತಮ್ಮ ಮನೆಯವರಂತೆ ನೋಡಿಕೊಂಡರು. ಅಹಾಕಿಸ್ತಾ ಎಂಬ ಹಳ್ಳಿಯ ಕಡಲಂಚಿನಲ್ಲಿ ಸ್ಮಾರಕ ಎದ್ದಿತು. ಪ್ರತಿ ಜೂನ್ 23ರ ಬೆಳಗ್ಗೆ ಊರವರು ಬಂಧುಗಳೊಂದಿಗೆ ಇಂದಿಗೂ ಅಲ್ಲಿ ಸೇರುತ್ತಾರೆ.

ಕೇಳುಗರೇ, ಐರ್ಲೆಂಡಿನ ಚರಿತ್ರೆ ಹೇಳುವ ಮಾತು ಇಷ್ಟು. ಕಡಲು ತಾನಾಗಿ ಯಾರ ಹೊಟ್ಟೆಯನ್ನೂ ತುಂಬಿಸದು. ದೋಣಿ, ಧಕ್ಕೆ, ಉಪ್ಪು, ಸಾಲ, ಕಾಯಿದೆ ದಂಡೆಯ ಜನರ ಪರವಾಗಿದ್ದರೆ ಮಾತ್ರ ಅದು ಅನ್ನ ಕೊಡುತ್ತದೆ. ಯಾವುದೇ ಕರಾವಳಿಯ ಬಡತನವನ್ನು ಕಂಡಾಗ ಮೀನು ಎಷ್ಟಿದೆ ಎಂದು ಕೇಳುವ ಮೊದಲು, ದೋಣಿ ಯಾರದು, ಬಂದರು ಯಾರ ಕೈಯಲ್ಲಿದೆ ಎಂದು ಕೇಳಿ.